ಸ್ವಿಂಡನ್‌ಗೆ ಬಂದ ಟೀಚರಮ್ಮನಿಗೆ

ನಿನ್ನ ಪತ್ರ ಓದಿದೆ. ಅಕ್ಕಾ ಅಂತ ಕರೆದಮೇಲೆ ಬಹುವಚನ ಯಾಕೆ, ನೀನು ಅಂತಲೇ ಬರೀತೀನಿ. ದಾವಣಗೆರೇಲಿ ಪ್ರೈಮರಿ ಟೀಚರ್ ಆಗಿದ್ದವಳು ಗಂಡನ ಕೆಲಸದ ಮೇಲೆ ಇಂಗ್ಲೆಂಡಿನ ಸ್ವಿಂಡನ್‌ಗೆ ಬಂದಿದ್ದೀಯ, ಮಗ ರಿಸೆಪ್ಷನ್, ಅಂದರೆ ಇಲ್ಲಿನ ಶಾಲೆಯ ಮೊದಲ ಕ್ಲಾಸ್, ಸೇರಿದ್ದಾನೆ, ಅದೇ ಶಾಲೆಗೆ ವಾಲಂಟಿಯರ್ ಆಗಿ ಹೋಗಲಾ, ಮುಂದೆ ಕೆಲಸ ಸಿಗುತ್ತಾ ಅಂತ ಕೇಳಿದ್ದೀಯ. ಹೋಗು. ಮನೇಲಿ ಕೂತು ನವೆಂಬರ್‌ನ ನಾಲ್ಕು ಗಂಟೆ ಕತ್ತಲೆ ನೋಡೋದಕ್ಕಿಂತ ಸಾವಿರ ಪಾಲು ಮೇಲು. 2009ರಲ್ಲಿ ನಾನು ಇಂಗ್ಲೆಂಡಿಗೆ ಬಂದಾಗ ಹಗಲೆಲ್ಲ ನನ್ನನ್ನ ಮಾತಾಡಿಸುತ್ತಿದ್ದವನು ಅಂಚೆಯವನೊಬ್ಬನೇ, ಅದೂ ಪಕ್ಕದ ಮನೆ ಪಾರ್ಸೆಲ್ ಇಟ್ಟುಕೊಳ್ತೀರಾ ಅಂತ ಕೇಳೋಕೆ.

ಕಾಗದಪತ್ರ ದೊಡ್ಡ ತಲೆನೋವೇನಲ್ಲ. ಡಿಬಿಎಸ್ ಪರಿಶೀಲನೆಗೆ, ಅಂದರೆ ನಿನ್ನ ಮೇಲೆ ಅಪರಾಧದ ದಾಖಲೆ ಇದೆಯಾ ಅಂತ ನೋಡೋದಕ್ಕೆ, ಶಾಲೆಯವರೇ ಅರ್ಜಿ ಹಾಕ್ತಾರೆ, ವಾಲಂಟಿಯರ್‌ಗಳಿಗೆ ಡಿಬಿಎಸ್ ಶುಲ್ಕ ಇಲ್ಲ. ಈಗಷ್ಟೇ ಬಂದವಳು, ಇಂಡಿಯಾದ ಪೊಲೀಸ್ ಕ್ಲಿಯರೆನ್ಸ್ ಕೂಡ ಕೇಳಬಹುದು. ಡಿಪೆಂಡೆಂಟ್ ವೀಸಾಗೆ ಅಡ್ಡಿಯಿಲ್ಲ. ಮಗನ ಕ್ಲಾಸಿಗೇ ಹಾಕಿ ಅಂತ ಮಾತ್ರ ಕೇಳಬೇಡ.

ಕೆಲಸ ಅಂದರೆ ಕಾರಿಡಾರಿನಲ್ಲಿ ಮೊಣಕಾಲೆತ್ತರದ ಕುರ್ಚಿ, ಬುಕ್ ಬ್ಯಾಗ್ ಹಿಡಿದು ಒಂದೊಂದಾಗಿ ಬರೋ ಮಕ್ಕಳು. ಅವರು ಓದೋದನ್ನ ಕೇಳಿ, ರೀಡಿಂಗ್ ರೆಕಾರ್ಡಿನಲ್ಲಿ ಒಂದು ಸಾಲು ಬರೀಬೇಕು. ಇಷ್ಟೇನಾ ಅನ್ನಿಸುತ್ತೆ. ನಿನ್ನ ಸರ್ವಿಸನ್ನ ಯಾರೂ ಕೇಳಲ್ಲ. ಆದರೆ ಸಿ-ಎ-ಟಿ ಕ್ಯಾಟ್ ಅಂತ ಹೇಳಿಕೊಡೋಕೆ ಹೋದೀಯ ಮತ್ತೆ! ಇಲ್ಲಿ ಫೋನಿಕ್ಸ್. ಅಕ್ಷರದ ಹೆಸರಲ್ಲ, ಶಬ್ದ ಬೇಕು, ಅದೂ ಸ್ವರದ ಬಾಲ ಕತ್ತರಿಸಿದ ಶಬ್ದ: ಕ ಅಲ್ಲ ಕ್, ಟ ಅಲ್ಲ ಟ್. ಕಾಗುಣಿತ ಬರೆದ ಕೈ ನಮ್ಮದು, ಬೇಗ ಹಿಡಿದುಬಿಡ್ತೀವಿ. ಇಲ್ಲಿನ ಅಪ್ಪ ಅಮ್ಮಂದಿರೇ ಒದ್ದಾಡ್ತಾರೆ. ರಿಸೆಪ್ಷನ್ ಮುಗಿಸಿ ಇಯರ್ ಒನ್‌ಗೆ ಬಂದ ಮಕ್ಕಳಿಗೆ ಜೂನ್‌ನಲ್ಲಿ ಪರೀಕ್ಷೆ ಥರ 40 ಪದ ಓದಿಸ್ತಾರೆ. ಅದರಲ್ಲಿ ಅರ್ಧ ಅರ್ಥವೇ ಇಲ್ಲದವು, ಪಕ್ಕದಲ್ಲಿ ಏಲಿಯನ್ ಚಿತ್ರ ಇರುತ್ತೆ. ಚುರುಕು ಮಕ್ಕಳೇ ಅದನ್ನ ತಮಗೆ ಗೊತ್ತಿರೋ ಪದ ಮಾಡಿಕೊಂಡು ಓದಿ ತಪ್ಪೋದು. ಮಗು ತಡವರಿಸಿದಾಗ ಬಾಯಿ ಮುಚ್ಚಿಕೊಂಡು ಕಾಯಬೇಕು. ಟೀಚರ್ ಆಗಿದ್ದವರಿಗೆ ಅದೇ ಕಷ್ಟ.

ನೀನು ಕೇಳದೇ ಇರೋದೊಂದು ಹೇಳ್ತೀನಿ. ಓದ್ತಾ ಓದ್ತಾ ಮಕ್ಕಳು ಮಾತಿಗಿಳೀತಾರೆ. ನಾಯಿಮರಿ, ಅಜ್ಜಿ ಮನೆ, ಬಿದ್ದ ಹಲ್ಲು. ಒಂದು ದಿನ ಒಬ್ಬ ಹುಡುಗಿ ಪುಸ್ತಕದಿಂದ ಕಣ್ಣೆತ್ತದೆ, ಬೆರಳು ಸಾಲಿನ ಮೇಲೇ ಇಟ್ಟುಕೊಂಡು, "ಯಾರಿಗೂ ಹೇಳಲ್ಲ ಅಲ್ವಾ?" ಅಂದಳು. ಹೇಳಲ್ಲ ಪುಟ್ಟಾ ಅನ್ನೋದು ನಮ್ಮ ನಾಲಿಗೆ ತುದೀಲೇ ಇರುತ್ತೆ. ಅದೊಂದನ್ನ ಅನ್ನಬಾರದು. ನಿನಗೆ ಒಳ್ಳೇದಾಗಬೇಕಾದರೆ ಒಬ್ಬರಿಗೆ ಹೇಳಬೇಕಾಗಬಹುದು ಅಂತ ತಿಳಿಸಬೇಕು. ಕೆದಕಿ ಕೆದಕಿ ಕೇಳೋ ಹಾಗಿಲ್ಲ. ಮಗು ಆಡಿದ ಮಾತನ್ನ ಆಡಿದ ಹಾಗೇ ಬರೆದು, ತಾರೀಖು, ಹೊತ್ತು, ಸಹಿ ಹಾಕಿ, ತಡಮಾಡದೆ ಸೇಫ್‌ಗಾರ್ಡಿಂಗ್ ಲೀಡ್, ಅಂದರೆ ಮಕ್ಕಳ ಸುರಕ್ಷತೆಯ ಹೊಣೆ ಹೊತ್ತವರ ಕೈಗೆ ಕೊಡಬೇಕು. ಪ್ರತಿ ಶಾಲೇಲೂ ಅಂಥವರೊಬ್ಬರು ಇರಲೇಬೇಕು, ಮೊದಲ ದಿನವೇ ಯಾರು ಅಂತ ಕೇಳಿಟ್ಟುಕೋ.

ನಾನೂ ಬರೆದು ಕೊಟ್ಟೆ. ನನ್ನ ಪಾಲಿಗೆ ಅಲ್ಲಿಗೆ ಮುಗೀತು. ಊರಲ್ಲಾಗಿದ್ದರೆ ಸಂಜೆ ಅವರ ಮನೆ ಜಗಲಿ ಮೇಲೆ ಕೂತು ತಾಯಿ ಹತ್ರ ಮಾತಾಡ್ತಿದ್ದೆ, ಅಜ್ಜಿ ಕಿವೀಲೊಂದು ಮಾತು ಹಾಕ್ತಿದ್ದೆ, ಎರಡು ದಿನ ಮಗೂನ ನಮ್ಮನೇಲೇ ಉಣ್ಣಿಸ್ತಿದ್ದೆ. ಇಲ್ಲಿ ಗೇಟಿನ ಹತ್ರ ಆ ತಾಯಿ ಎದುರಾದರೆ ಮಳೆ ಚಳಿ ಮಾತಾಡಿ ಬರಬೇಕು. ಮುಂದೇನಾಯ್ತು ಅಂತ ವಾಲಂಟಿಯರ್‌ಗೆ ಯಾರೂ ಹೇಳಲ್ಲ. ಈಸ್ಟರ್ ರಜೆ ಕಳೆದು ಹೋದಾಗ ಅವಳು ಕೋಟು ಹಾಕ್ತಿದ್ದ ಗೂಟದ ಮೇಲೆ ಬೇರೆ ಹೆಸರಿತ್ತು. ಈ ಪದ್ಧತಿಯೇ ಸರಿ, ನನಗೆ ಅನುಮಾನ ಇಲ್ಲ. ನಮ್ಮ ಜಗಲಿಗಳಲ್ಲಿ ಮರ್ಯಾದೆ ಹೆಸರಲ್ಲಿ ಎಷ್ಟೆಲ್ಲ ಮುಚ್ಚಿಹೋಗಿದೆ ಅಂತ ನಿನಗೂ ಗೊತ್ತು. ಆದರೂ ಅವಳು ಈಗ ಎಲ್ಲಿದ್ದಾಳೋ, ಹೇಗಿದ್ದಾಳೋ ಅನ್ನೋದು ನನ್ನನ್ನ ಬಿಟ್ಟಿಲ್ಲ. ನಿನಗೂ ಅಂಥ ಮಗು ಸಿಕ್ಕೇ ಸಿಗುತ್ತೆ, ಗಟ್ಟಿ ಮಾಡಿಕೊಂಡು ಹೋಗು.

ಉಳಿದದ್ದು ಚಿಲ್ಲರೆ. ಬಿದ್ದ ಮಗೂನ ಎತ್ತಿ ಸೊಂಟಕ್ಕೇರಿಸಿಕೊಳ್ಳಬೇಡ, ಸ್ಟಾಫ್‌ನ ಕರಿ. ಫೋನ್ ಮಕ್ಕಳ ಎದುರು ತೆಗೀಬೇಡ. ಸಂಕ್ರಾಂತಿಗೆ ಎಳ್ಳುಬೆಲ್ಲ ಹಂಚೋ ಆಸೆ ಬಿಡು. ಕಡಲೆಕಾಯಿ ಬೀಜ ಅಂದರೆ ಬಾಗಿಲಲ್ಲೇ ತಡೀತಾರೆ, ಅಲರ್ಜಿ ಇರೋ ಮಗುವಿಗೆ ಅದು ಪ್ರಾಣಕ್ಕೇ ಬರುತ್ತೆ. (ಸಕ್ಕರೆ ಅಚ್ಚು ತೋರಿಸೋಕೆ ಮಾತ್ರ ಒಪ್ಪಿದ್ದರು.)

ಕೆಲಸದ ಮಾತು. ವಾಲಂಟಿಯರ್ ಆದವಳು ನೇರ ಟೀಚರ್ ಆಗಲ್ಲ. 2023ರಿಂದ ಭಾರತದ ಟೀಚರ್‌ಗಳೂ ಇಲ್ಲಿನ ಕ್ಯೂಟಿಎಸ್‌ಗೆ, ಅಂದರೆ ಅರ್ಹ ಟೀಚರ್ ಅನ್ನೋ ಮಾನ್ಯತೆಗೆ, ಅರ್ಜಿ ಹಾಕಬಹುದು ನಿಜ, ಆದರೆ ಅದು 11ರಿಂದ 16 ವಯಸ್ಸಿನವರಿಗೆ ಗಣಿತ, ವಿಜ್ಞಾನ, ಭಾಷೆ ಕಲಿಸೋ ಅರ್ಹತೆ ಇರೋರಿಗೆ. ಪ್ರೈಮರಿಯವಳಾದ ನಿನಗೆ ಆ ದಾರಿ ಆಗಲ್ಲ. ನಾನು ಮೊದಲು ಊಟದ ಹೊತ್ತಲ್ಲಿ ಮಕ್ಕಳನ್ನ ನೋಡಿಕೊಂಡೆ, ಆಮೇಲೆ ಟೀಚಿಂಗ್ ಅಸಿಸ್ಟೆಂಟ್ ಆದೆ. ಸಂಬಳ ಅಷ್ಟಕ್ಕಷ್ಟೆ. ಊರಿಗೆ ಹೋಗೋದೂ ಶಾಲೆ ರಜೇಲೇ, ಟಿಕೆಟ್ ರೇಟು ಆಕಾಶ ಮುಟ್ಟಿದಾಗ. ಆದರೆ ಟೆಸ್ಕೋ ಅಂಗಡೀಲಿ ಮೀಸೆ ಮೂಡಿದ ಹುಡುಗರು "ಮಿಸ್!" ಅಂತ ಕೂಗಿ ಕೈ ಬೀಸ್ತಾರೆ. ನಮ್ಮೆಜಮಾನರು ನನಗಿಂತ ಮೊದಲೇ ಈ ದೇಶಕ್ಕೆ ಬಂದವರು, ಅವರನ್ನ ಇವತ್ತಿಗೂ ಯಾರೂ ಹಾಗೆ ಕರೆದಿಲ್ಲ.

ಪೊಲೀಸ್ ಸರ್ಟಿಫಿಕೇಟಿಗೆ ಈ ವಾರವೇ ಅರ್ಜಿ ಹಾಕು.