ಲಂಡನ್ನಿನ ಚಿತ್ರ ನ್ಯೂಯಾರ್ಕಿನ ಬಳಿ ಮೂಡಿದ್ದು ಹೇಗೆ?

ಪ್ರಶ್ನೆ: ಮಾನ್ಯರೇ, 1975ರಲ್ಲಿ ನಮ್ಮೂರಲ್ಲಿ ತಂತಿಬಲೆಯ ದೊಡ್ಡ ಛತ್ರಿ ನಿಲ್ಲಿಸಿ ಟಿ.ವಿ. ತೋರಿಸುತ್ತಿದ್ದರೆಂದು ನಮ್ಮ ತಂದೆಯವರು ಹೇಳುತ್ತಾರೆ. ಉಪಗ್ರಹಗಳೇ ಇಲ್ಲದ 1938ರಲ್ಲಿ ಲಂಡನ್ನಿನ ಟಿ.ವಿ. ಚಿತ್ರವು ನ್ಯೂಯಾರ್ಕಿನ ಬಳಿ ಕಂಡಿತ್ತೆಂದು ಓದಿದೆ. ಟಿ.ವಿ. ಅಲೆಗಳು ನೇರವಾಗಿ ಸಾಗುವುದಾದರೆ ಇದು ಸಾಧ್ಯವೆ?
— ಓದುಗರೊಬ್ಬರು, ವಿಜಯಪುರ ಜಿಲ್ಲೆ

ಉತ್ತರ: ಸಾಧ್ಯ, ಆದರೆ ಅದಕ್ಕೆ ಸೂರ್ಯನ ನೆರವು ಬೇಕು. 1928ರಲ್ಲಿಯೇ ಟಿ.ವಿ.ಯ ಆದ್ಯ ಸಂಶೋಧಕರಲ್ಲೊಬ್ಬರಾದ ಬೇರ್ಡ್ ಅವರು ಲಂಡನ್ನಿನಿಂದ ನ್ಯೂಯಾರ್ಕಿನತ್ತ ಚಿತ್ರ ಕಳುಹಿಸಿದ್ದರು. ಟಿ.ವಿ. ಚಿತ್ರವು ಒಂದರ ಕೆಳಗೊಂದು ಎಳೆದ ಗೆರೆಗಳಿಂದಾಗುತ್ತದೆ; ಅದು ಕೇವಲ 30 ಗೆರೆಗಳ ಒರಟು ಚಿತ್ರವಾದ್ದರಿಂದ, ದೂರಕ್ಕೆ ಸಾಗಬಲ್ಲ ರೇಡಿಯೋದ ಕಿರುತರಂಗದಲ್ಲೇ ಅಡಕವಾಯಿತು. ಬಿಬಿಸಿಯು ಲಂಡನ್ನಿನ ಅಲೆಕ್ಸಾಂಡ್ರಾ ಪ್ಯಾಲೇಸಿನಿಂದ 1936ರ ನವೆಂಬರ್ 2ರಂದು ಆರಂಭಿಸಿದ ಸೇವೆಯ 405 ಗೆರೆಗಳ ಚಿತ್ರಕ್ಕೆ 45 ಮೆಗಾಹರ್ಟ್ಸ್ ಕಂಪನಾಂಕ (ಫ್ರೀಕ್ವೆನ್ಸಿ) ಬೇಕಾಯಿತು. ಅಷ್ಟು ಮೇಲಿನ ಕಂಪನಾಂಕದ ಅಲೆಗಳು ಸಾಮಾನ್ಯವಾಗಿ ವಾತಾವರಣದ ಮೇಲ್ಭಾಗದ ವಿದ್ಯುದಾವಿಷ್ಟ ಪದರಗಳಾದ ಅಯಾನುಗೋಳವನ್ನು ತೂರಿಕೊಂಡು ಬಾಹ್ಯಾಕಾಶಕ್ಕೆ ಹೋಗಿಬಿಡುತ್ತವೆ. ಸೂರ್ಯಕಲೆಗಳು (ಸೂರ್ಯನ ಮೇಲಿನ ಕಪ್ಪು ಕಲೆಗಳು) ಹೆಚ್ಚಿದ ವರ್ಷಗಳಲ್ಲಿ ಮಾತ್ರ, ಸುಮಾರು 300 ಕಿಲೋಮೀಟರ್ ಎತ್ತರದಲ್ಲಿರುವ ಅಯಾನುಗೋಳದ ಎಫ್2 ಪದರವು ಸೂರ್ಯನ ಅತಿನೇರಳೆ ಕಿರಣಗಳಿಂದ ದಟ್ಟವಾಗಿ, ಓರೆಯಾಗಿ ಬಂದ ಇಂಥ ಅಲೆಗಳನ್ನೂ ಬಾಗಿಸಿ ನೆಲಕ್ಕೆ ಮರಳಿಸುತ್ತದೆ. 1938 ಅಂಥ ಕಾಲವಾಗಿತ್ತು.

ಆ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕಿನ ಬಳಿಯ ಲಾಂಗ್ ಐಲೆಂಡಿನ ರಿವರ್‌ಹೆಡ್‌ನಲ್ಲಿದ್ದ ಆರ್‌ಸಿಎ ಎಂಬ ಅಮೆರಿಕದ ರೇಡಿಯೋ ಕಂಪನಿಯ ಎಂಜಿನಿಯರರು, ಐದು ಸಾವಿರಕ್ಕೂ ಹೆಚ್ಚು ಕಿಲೋಮೀಟರ್ ದಾಟಿ ಬಂದ ಬಿಬಿಸಿಯ ಚಿತ್ರವನ್ನು ಹಿಡಿದು, ಪರದೆಯೆದುರು ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸಿಕೊಂಡರು. ಉಳಿದಿರುವ ಸುಮಾರು ನಾಲ್ಕು ನಿಮಿಷಗಳ ಮೂಕ ಫಿಲ್ಮಿನಲ್ಲಿ ಉದ್ಘೋಷಕಿ ಜಾಸ್ಮಿನ್ ಬ್ಲೈ ಅವರ ಮುಖವು ಮಸುಕಾಗಿ, ಕಲಕಿದ ನೀರಿನಲ್ಲಿನ ಪ್ರತಿಬಿಂಬದಂತೆ ಕಾಣುತ್ತದೆ. ನನಗೆ ಅತ್ಯಂತ ಬೆಲೆಯುಳ್ಳದ್ದೆನಿಸುವುದು ಈ ಕಲಕುವಿಕೆಯೇ, ಏಕೆಂದರೆ ಅಲೆಗಳು ನಡೆದುಬಂದ ದಾರಿ ಅದರಲ್ಲಿಯೇ ದಾಖಲಾಗಿದೆ. ಚಿತ್ರದ ಒಂದು ಗೆರೆಯನ್ನು ಎಳೆಯಲು ಸೆಕೆಂಡಿನ ಸುಮಾರು ಹತ್ತು ಸಾವಿರದಲ್ಲೊಂದು ಭಾಗ ಸಾಕಾಗುತ್ತಿತ್ತು. ಆದ್ದರಿಂದ ಒಂದು ಅಲೆಯು ಇನ್ನೊಂದಕ್ಕಿಂತ ಕೇವಲ ಮೂರು ಕಿಲೋಮೀಟರ್ ಸುತ್ತಿ ಬಂದರೂ, ಅದರ ಚಿತ್ರವು ಗೆರೆಯ ಹತ್ತನೆಯ ಒಂದು ಭಾಗದಷ್ಟು ಪಕ್ಕಕ್ಕೆ ಸರಿದು ಮೂಡುತ್ತದೆ. ಹೀಗೆ ಹಲವು ದಾರಿಗಳ ಚಿತ್ರಗಳು ಒಂದರ ಮೇಲೊಂದು ಬೀಳುತ್ತವೆ.

ತಮ್ಮ ತಂದೆಯವರು ನೋಡಿದ್ದು 1975ರ ಆಗಸ್ಟಿನಿಂದ ಒಂದು ವರ್ಷ ನಡೆದ ‘ಸೈಟ್’ ಎಂಬ, ಉಪಗ್ರಹದ ಮೂಲಕ ಹಳ್ಳಿಗಳಿಗೆ ಟಿ.ವಿ. ತೋರಿಸುವ ಪ್ರಯೋಗದ ಪ್ರಸಾರವನ್ನು. ಆಗಿನ ವಿಜಾಪುರ ಜಿಲ್ಲೆಯೂ ಅದರಲ್ಲಿ ಸೇರಿತ್ತು. ಅಮೆರಿಕದ ಎಟಿಎಸ್-6 ಉಪಗ್ರಹವು ಸುಮಾರು 36,000 ಕಿಲೋಮೀಟರ್ ಎತ್ತರದಿಂದ ಕಳುಹಿಸುತ್ತಿದ್ದ 860 ಮೆಗಾಹರ್ಟ್ಸ್ ಅಲೆಗಳು ಅಯಾನುಗೋಳವನ್ನು ಸಲೀಸಾಗಿ ದಾಟಿ ನೇರವಾಗಿ ಛತ್ರಿಗೆ ಇಳಿಯುತ್ತಿದ್ದವು. ಆದ್ದರಿಂದಲೇ ಅಲ್ಲಿನ ಸಂಜೆಯ ಕಾರ್ಯಕ್ರಮಗಳು ಸೂರ್ಯಕಲೆಗಳ ಏರಿಳಿತವನ್ನು ಕಾಯಬೇಕಿರಲಿಲ್ಲ.