ಓದುಗರ ಪ್ರಶ್ನೆ: ಮೆಷಿನಿಗೆ ದುಡ್ಡುಂಟು, ಹುಡುಗಿಗೆ ಇಲ್ವಾ?

ಪ್ರಶ್ನೆ: ಮಗಳು ಎಂಎಸ್ಸಿ ಮುಗಿಸಿ ಒಂದು ಯೂನಿವರ್ಸಿಟಿ ಲ್ಯಾಬಲ್ಲಿ ಪ್ರಾಜೆಕ್ಟ್ ಜೆಆರ್‌ಎಫ್, ಅಂದ್ರೆ ತಿಂಗಳ ಫೆಲೋಶಿಪ್ಪಿಗೆ ಸಂಶೋಧನೆ ಮಾಡುವವಳಾಗಿ ಸೇರಿದ್ದಾಳೆ. ಐದು ತಿಂಗಳಾಯ್ತು, ಒಂದು ರೂಪಾಯಿ ಬಂದಿಲ್ಲ. ಕೇಳಿದ್ರೆ 'ಡೆಲ್ಲಿಯಿಂದ ಗ್ರಾಂಟ್ ಬಂದಿಲ್ಲ ಅಮ್ಮ' ಅಂತಾಳೆ. ಅದೇ ಲ್ಯಾಬಿಗೆ ಮೊನ್ನೆ 40 ಲಕ್ಷದ ಮೆಷಿನ್ ಬಂದು ಇಳಿದಿದೆ. ಇದೆಂತ ಲೆಕ್ಕ? – ಒಬ್ಬ ತಾಯಿ, ಕಾಪು

ಉತ್ತರ: ನಿಮ್ಮ ಸಿಟ್ಟು ಸರಿಯೇ ಅಕ್ಕ, ಆದ್ರೆ ಆ ಎರಡು ದುಡ್ಡು ಒಂದೇ ಡಬ್ಬಿಯಲ್ಲಿ ಇರುದಲ್ಲ ಮಾರಾಯ್ರೆ. ಪ್ರೊಫೆಸರು ಡಿಎಸ್‌ಟಿಗೋ ಡಿಬಿಟಿಗೋ ಐಸಿಎಂಆರ್‌ಗೋ, ಅಂದ್ರೆ ಸಂಶೋಧನೆಗೆ ದುಡ್ಡು ಕೊಡುವ ಕೇಂದ್ರ ಸರ್ಕಾರದ ಸಂಸ್ಥೆಗಳಿಗೆ, ಪ್ರಪೋಸಲ್ ಬರೀತಾರೆ, ಅದು ಪಾಸಾದ್ರೆ ಸ್ಯಾಂಕ್ಷನ್ ಆರ್ಡರ್ ಬರ್ತದೆ, ಅದರಲ್ಲಿ ಮೆಷಿನಿಗೆ ಇಷ್ಟು, ಮ್ಯಾನ್‌ಪವರಿಗೆ ಇಷ್ಟು, ಕೆಮಿಕಲ್ಲಿಗೆ ಇಷ್ಟು, ಓಡಾಟಕ್ಕೆ ಇಷ್ಟು, ಯೂನಿವರ್ಸಿಟಿಯ ಕರೆಂಟು, ಆಫೀಸು ಅಂತ ಓವರ್‌ಹೆಡ್ ಇಷ್ಟು ಅಂತ ಹೆಡ್ ಹೆಡ್ ಮಾಡಿ, ಅಂದ್ರೆ ಖರ್ಚಿನ ಬಾಬ್ತು ಬೇರೆ ಬೇರೆ ಮಾಡಿ ಬರೆದಿರ್ತಾರೆ. ಸೊಸೈಟಿಯವರು ದನ ತೆಗೀಲಿಕ್ಕೆ ಕೊಟ್ಟ ಸಾಲದಲ್ಲಿ ಹಿಂಡಿ ತಂದ್ರೆ ಬಿಡ್ತಾರಾ? ಹಾಗೆಯೇ ಇದು. ಮೆಷಿನಿನ ದುಡ್ಡು ಸಾಮಾನ್ಯವಾಗಿ ಶುರುವಿಗೇ ಬರ್ತದೆ, ಮಗಳ ದುಡ್ಡು ವರ್ಷ ವರ್ಷ ಕಂತಲ್ಲಿ.

ಕಂತು ಬರ್ಬೇಕಾದ್ರೆ ಹಿಂದಿನ ವರ್ಷದ ಖರ್ಚಿನ ಯುಸಿ, ಅಂದ್ರೆ ಕೊಟ್ಟ ದುಡ್ಡು ಹೇಳಿದ ಕೆಲಸಕ್ಕೇ ಹಾಕಿದ್ದೇವೆ ಅಂತ ಸರ್ಟಿಫಿಕೇಟು, ಮಾರ್ಚ್ 31ರ ಲೆಕ್ಕಕ್ಕೆ ಮಾಡಿ ಫೈನಾನ್ಸ್ ಆಫೀಸರ ಸೈನ್ ಹಾಕಿಸಿ ಕಳಿಸ್ಬೇಕು. ಫೈಲು ಸಿಕ್ಕಿಬೀಳುದು ಹೆಚ್ಚಾಗಿ ಇಲ್ಲೇ. ನಾನು ಲ್ಯಾಬಲ್ಲಿದ್ದಾಗ ಒಮ್ಮೆ ಬ್ಯಾಂಕಿನವರು ಹಾಕಿದ 312 ರೂಪಾಯಿ ಬಡ್ಡಿ ಯುಸಿಯಲ್ಲಿ ತೋರಿಸಿರ್ಲಿಲ್ಲ ಅಂತ ಅದು ವಾಪಸ್ ಬಂತು, ಪುನಃ ಟೈಪ್, ಪುನಃ ಸೈನ್, ಅಷ್ಟರಲ್ಲಿ ಆಫೀಸರು ರಜೆ, ಹುಡುಗರಿಬ್ಬರು ನಾಲ್ಕು ತಿಂಗಳು ಕ್ಯಾಂಟೀನಲ್ಲಿ ಗೋಳಿಬಜೆ ಸಾಲ ಬರೆಸಿದ್ದು. 312 ರೂಪಾಯಿಗೆ!

ಮಗಳ ಹತ್ರ ಹೇಳಿ, 'ದುಡ್ಡು ಬಂತಾ' ಅಂತ ಕೇಳುದು ಬೇಡ, 'ಸರ್, ಯುಸಿ ಯಾವ ತಾರೀಕಿಗೆ ಹೋಗಿದೆ' ಅಂತ ಕೇಳ್ಲಿ. ಕೆಲವು ಕಡೆ ಯೂನಿವರ್ಸಿಟಿಯವರೇ ಮುಂಗಡ ಕೊಟ್ಟು ಗ್ರಾಂಟ್ ಬಂದ ಮೇಲೆ ಹಿಡ್ಕೊಳ್ತಾರೆ, ಅದಕ್ಕೆ ಬರವಣಿಗೆಯಲ್ಲಿ ಅರ್ಜಿ ಹಾಕ್ಬೇಕು. 2023ರ ಜನವರಿಯಿಂದ ಜೆಆರ್‌ಎಫ್ ತಿಂಗಳಿಗೆ 37,000, ಆ ರೇಟಲ್ಲಾದ್ರೆ ಐದು ತಿಂಗಳಿಗೆ 1,85,000 ಆಯ್ತು, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ) ಬೇರೆ. ಬರುವಾಗ ಒಟ್ಟಿಗೆ ಬರ್ತದೆ, ಆದ್ರೆ ಪಿಜಿಯ ಬಾಡಿಗೆ ಅಷ್ಟು ದಿನ ಕಾಯುದಿಲ್ಲ, ಅದೂ ಗೊತ್ತುಂಟು.

ಪ್ರಶ್ನೆ: ಕಂಪನಿಯವರು ದುಡ್ಡು ಹಾಕಿದ್ರೆ ರಿಸಲ್ಟ್ ಅವರಿಗೆ ಬೇಕಾದ ಹಾಗೇ ಬರುದಿಲ್ವಾ? – ಸುರತ್ಕಲ್

ಉತ್ತರ: ಎಲ್ಲ ಕಡೆ ಹಾಗಲ್ಲ. ಎಗ್ರಿಮೆಂಟಲ್ಲಿ ಒಂದು ಸಾಲು ನೋಡಿ, ಪೇಪರ್ ಪಬ್ಲಿಷ್ ಮಾಡ್ಲಿಕ್ಕೆ ಯಾರ ಪರ್ಮಿಷನ್ ಬೇಕು ಅಂತ. ಪೇಟೆಂಟಿಗಾಗಿ ಕೆಲವು ತಿಂಗಳು ತಡೀರಿ ಅಂದ್ರೆ ಸರಿ, ನಮಗೆ ಇಷ್ಟ ಇಲ್ಲದ್ದು ಹಾಕಲೇ ಬಾರದು ಅಂದ್ರೆ ಆ ದುಡ್ಡು ಬೇಡ. ಇನ್ನು ಮುಂದೆ ಕಂಪನಿ ದುಡ್ಡು ಜಾಸ್ತಿಯೇ ಬರ್ಬಹುದು. 2019ರಿಂದ ಸಿಎಸ್‌ಆರ್ ದುಡ್ಡನ್ನು, ಅಂದ್ರೆ ಕಂಪನಿಗಳು ಸಮಾಜದ ಕೆಲಸಕ್ಕೆ ಅಂತ ತೆಗೆದಿಡುವ ದುಡ್ಡನ್ನು, ಸರ್ಕಾರಿ ಯೂನಿವರ್ಸಿಟಿಗಳ ಸಂಶೋಧನೆಗೂ ಕೊಡ್ಲಿಕ್ಕೆ ಅವಕಾಶ ಉಂಟು, 2023ರ ಕಾಯ್ದೆಯಲ್ಲಿ ಬಂದ ಎಎನ್‌ಆರ್‌ಎಫ್, ಅಂದ್ರೆ ಸಂಶೋಧನೆಗೆ ದುಡ್ಡು ಹಂಚುವ ರಾಷ್ಟ್ರೀಯ ಪ್ರತಿಷ್ಠಾನ, ಐದು ವರ್ಷಕ್ಕೆ 50,000 ಕೋಟಿ ಅಂತ ಹೇಳಿದ್ದು, ಅದರಲ್ಲಿ ಹೆಚ್ಚಿನ ಪಾಲು ಸರ್ಕಾರದ ಹೊರಗಿಂದಲೇ ಬರ್ಬೇಕು ಅಂತ ಲೆಕ್ಕ.

ನಂಗೆ ಹೆದರಿಕೆ ಉತ್ತರದ್ದಲ್ಲ, ಪ್ರಶ್ನೆಯದ್ದು. ಅಡಿಕೆಯ ಕೊಳೆರೋಗಕ್ಕೆ ಹೊಸ ಸ್ಪ್ರೇ ಟೆಸ್ಟ್ ಮಾಡ್ಲಿಕ್ಕೆ ಸ್ಪ್ರೇ ಕಂಪನಿ ದುಡ್ಡು ಕೊಟ್ಟೀತು. ಮೈಲುತುತ್ತಿಗೆ ಹಾಕುವ ಸುಣ್ಣ ಚಂದ ಇಲ್ಲದಿದ್ರೆ ಏನಾಗ್ತದೆ ಅಂತ ನೋಡ್ಲಿಕ್ಕೆ ಯಾವ ಕಂಪನಿ ಕೊಡ್ತದೆ ಹೇಳಿ? ಕೊಣಾಜೆಯಲ್ಲಿ ಮಂಗಳೂರು ಯೂನಿವರ್ಸಿಟಿಯ ಮೈಕ್ರೋಟ್ರಾನ್ ಉಂಟಲ್ಲ, ಎಲೆಕ್ಟ್ರಾನಿಗೆ ವೇಗ ಕೊಡುವ ಮೆಷಿನು, ಅಂಥದ್ದಕ್ಕೆಲ್ಲ ಅಣುಶಕ್ತಿ ಇಲಾಖೆಯಂಥವರೇ ಬೇಕಾಗುದು.

ಪ್ರಶ್ನೆ: ಪ್ರಾಜೆಕ್ಟ್ ಮುಗಿದ ಮೇಲೆ ಮೆಷಿನ್ ಯಾರದ್ದು? – ಮಣಿಪಾಲ

ಉತ್ತರ: ಕಾಗದದಲ್ಲಿ ದುಡ್ಡು ಕೊಟ್ಟ ಸರ್ಕಾರದ್ದು, ಅವರನ್ನು ಕೇಳದೆ ಮಾರ್ಲಿಕ್ಕಿಲ್ಲ. ಹೆಚ್ಚಾಗಿ ಅದೇ ಲ್ಯಾಬಲ್ಲಿ ಉಳೀತದೆ, ಆದ್ರೆ ಎಎಂಸಿಗೆ, ಅಂದ್ರೆ ವರ್ಷ ವರ್ಷದ ರಿಪೇರಿ ಕಾಂಟ್ರಾಕ್ಟಿಗೆ, ದುಡ್ಡು ಉಳಿಯುದಿಲ್ಲ. ನಮ್ಮ ಮೈಕ್ರೋಸ್ಕೋಪಿಗೆ ಮೂರು ವರ್ಷ ಎಸಿ ರೂಮಲ್ಲಿ ರಾಜೋಪಚಾರ, ನಾಲ್ಕನೇ ವರ್ಷ ಗಾಳಿಯ ತೇವ ಹೀರುವ ಡಿಹ್ಯುಮಿಡಿಫೈಯರ್ ಕೆಟ್ಟಿತು, ರಿಪೇರಿಗೆ ಯಾವ ಹೆಡ್ಡೂ ಇಲ್ಲ. ಆಟಿ ತಿಂಗಳ ಮಳೆ ಕಳೀವಾಗ ಲೆನ್ಸಿನ ಒಳಗೆ ಬೂಸ್ಟು, ಜೇಡನ ಬಲೆಯ ಹಾಗೆ.