5 ಅಡಿ 7 ಇಂಚು ಎತ್ತರದವನಿಗೆ ಕಾಲೇಜ್ ಬ್ಯಾಸ್ಕೆಟ್‌ಬಾಲ್ ಟೀಮಲ್ಲಿ ಜಾಗ ಸಿಗುತ್ತಾ?

ಸರ್, ಹಾಸನದಲ್ಲಿ ಎಂಜಿನಿಯರಿಂಗ್ ಸೇರ್ತಿರೋ ಮಗನ ಎತ್ತರ 5 ಅಡಿ 7 ಇಂಚು, ಸೆಲೆಕ್ಷನ್‌ಗೆ ಕಳಿಸಲಾ ಅಂತ ಕೇಳಿದ್ದೀರಿ. ಧಾರಾಳವಾಗಿ ಕಳಿಸಿ, ಆದರೆ ಗಾರ್ಡ್ ಆಗಿ, ಅಂದ್ರೆ ಚೆಂಡು ನಡೆಸಿ ಆಟ ಕಟ್ಟೋ ಆಟಗಾರನಾಗಿ. ರಿಂಗ್ ಹತ್ತಿರ ಆಡೋ ಸೆಂಟರ್ ಆಗೋ ಆಸೆ ಬೇಡ; ರಿಂಗ್ ಇರೋದು 3.05 ಮೀಟರ್ ಮೇಲೆ, ಅದರ ಕೆಳಗೆ ಇಂಚಿಂಚಿಗೂ ಬೆಲೆ.

ತಲೆಗಿಂತ ಕೈ ಎಲ್ಲಿಗೆ ಎಟಕುತ್ತೆ ಅನ್ನೋದು ಮುಖ್ಯ. ಹಿಮ್ಮಡಿ ಊರಿ ಗೋಡೆ ಪಕ್ಕ ನಿಂತು, ಕೈ ಚಾಚಿ ಸೀಮೆಸುಣ್ಣದ ಗುರುತು ಹಾಕಲಿ. ಆಮೇಲೆ ನಿಂತಲ್ಲಿಂದಲೇ ಜಿಗಿದು ಇನ್ನೊಂದು. ನಡುವಿನ ಅಂತರವನ್ನ ಅಭ್ಯಾಸದಿಂದ ಹೆಚ್ಚಿಸಬಹುದು.

ಗಿಡ್ಡ ಹುಡುಗರು ಎಡವೋದು ಲೇಅಪ್‌ನಲ್ಲಿ, ಅಂದ್ರೆ ರಿಂಗ್ ಹತ್ತಿರ ಹೋಗಿ ಹಾರಿ ಚೆಂಡು ಹಾಕೋದ್ರಲ್ಲಿ. ರಿಂಗ್ ಕೆಳಗೆ ನುಗ್ಗಿ, ಒಂದು ಕ್ಷಣ ನಿಂತು ಹಾರ್ತಾರೆ, ಅಷ್ಟರಲ್ಲಿ ಎದುರಾಳಿ ಚೆಂಡನ್ನ ಬ್ಲಾಕ್ ಮಾಡ್ತಾನೆ. ಅದಕ್ಕೇ ಎರಡು-ಮೂರು ಮೀಟರ್ ದೂರದಿಂದಲೇ ಚೆಂಡನ್ನ ಎತ್ತರಕ್ಕೆ ತೇಲಿಸೋ ಫ್ಲೋಟರ್ ಕಲೀಲಿ. ರಿಬೌಂಡ್‌ಗೆ, ಅಂದ್ರೆ ರಿಂಗ್‌ಗೆ ಬೀಳದೆ ಪುಟಿದು ಬರೋ ಚೆಂಡು ಹಿಡಿಯೋಕೆ, ಶಾಟ್ ಹೊರಟ ಕೂಡಲೇ ಚೆಂಡು ನೋಡ್ತಾ ನಿಲ್ಲದೆ, ಮಂಡಿ ಬಗ್ಗಿಸಿ, ಎದುರಾಳಿಗೆ ಬೆನ್ನು ಕೊಟ್ಟು ತಡೀಬೇಕು. ಎಡಗೈಯಲ್ಲಿ ಚೆಂಡು ಪುಟಿಸೋ ಡ್ರಿಬಲ್ ಬರದಿದ್ರೆ ಮಾತ್ರ ಗಾರ್ಡ್ ಜಾಗವೂ ಕಷ್ಟ.

5 ಅಡಿ 3 ಇಂಚಿನ ಮಗ್ಸಿ ಬೋಗ್ಸ್ ಅಮೆರಿಕದ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಆಡಿ 1987ರಲ್ಲಿ ಅಲ್ಲಿನ ವೃತ್ತಿಪರ ಲೀಗ್ ಎನ್‌ಬಿಎ ಸೇರಿದ್ರು. ಆ ವೇಗ ಎಲ್ಲರಿಗೂ ಬರಲ್ಲ ಬಿಡಿ.

ಇನ್ನೊಂದು: ಹಳೇ ಕೋರ್ಟ್‌ಗಳಲ್ಲಿ ಮೂರು ಪಾಯಿಂಟ್ ಗೆರೆ 6.25 ಮೀಟರ್‌ಗೇ ಇರಬಹುದು. ಈಗಿನ ಅಳತೆ 6.75, ಟೇಪ್ ಹಿಡಿದು ನೋಡಿಯೇ ಶಾಟ್ ಅಭ್ಯಾಸ ಮಾಡಲಿ.